ಉತ್ತರದ ಹಿಮದೂರಲ್ಲಿ ಉಪಗ್ರಹ ಇಂಟರ್ನೆಟ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಕೆನಡಾದ ಯೆಲ್ಲೋನೈಫ್‌ನಿಂದ ಪೂರ್ವಕ್ಕೆ ಇಂಗ್ರಹಾಮ್ ಟ್ರೇಲ್ ಅಂತ ಒಂದು ರಸ್ತೆ ಹೊರಡುತ್ತದೆ. ಸುಮಾರು 70 ಕಿ.ಮೀ. ಹೋಗಿ ಒಂದು ಕೆರೆಯ ದಡದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಚಳಿಗಾಲದ ಮಂಜುಗಡ್ಡೆಯ ರಸ್ತೆ ಬಿಟ್ಟರೆ ಬೇರೆ ರಸ್ತೆಯೇ ಇಲ್ಲ. ಅದರ ಉದ್ದಕ್ಕೂ ಕೆರೆಗಳ ಪಕ್ಕ ಮರದ ಕ್ಯಾಬಿನ್‌ಗಳಿವೆ. ಅಂಥದ್ದೊಂದರಲ್ಲಿ ನಮ್ಮ ಸಂಸಾರ. ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಫೈಬರ್ ಇಲ್ಲಿಗೆ ಬಂದಿಲ್ಲ. ಇರುವುದು ಡಿಶ್ ಒಂದೇ. ಅದು ನಿಂತರೆ ಕೆಲಸ ನಿಂತಿತು, ಹಾಸನದಲ್ಲಿರುವ ಅಮ್ಮನ ಮುಖವೂ ನಿಂತಿತು.

ನೆಟ್ ಹೋದ ತಕ್ಷಣ ಎಲ್ಲರೂ ಆಕಾಶ ನೋಡುತ್ತಾರೆ. ನಾನೂ ಮೊದಲ ಚಳಿಗಾಲವೆಲ್ಲ ಅದನ್ನೇ ಮಾಡಿದೆ. ಮೋಡಕ್ಕೆ ಬೈದೆ, ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು ಅರೋರಾಕ್ಕೆ ಬೈದೆ, ಕಂಪನಿಗೆ ಬೈದೆ. ಈಗ ಲೆಕ್ಕ ಹಾಕಿದರೆ ನಮ್ಮ ಮನೆಯ ತೊಂದರೆಗಳಲ್ಲಿ ಹೆಚ್ಚಿನವು ಡಿಶ್‌ನಿಂದ ಗೋಡೆಯ ಪ್ಲಗ್‌ವರೆಗಿನ 15 ಮೀಟರ್ ಒಳಗೇ ಇದ್ದವು. ಉಪಗ್ರಹ 550 ಕಿ.ಮೀ. ಮೇಲೆ ತನ್ನ ಪಾಡಿಗೆ ಓಡುತ್ತಲೇ ಇತ್ತು. ಅದಕ್ಕೇ ಈ ಕೈಪಿಡಿ ಒಳಗಿನಿಂದ ಹೊರಗೆ ಹೋಗುತ್ತದೆ. ಮೊದಲು ಕುರ್ಚಿಯಲ್ಲಿ ಕೂತು ನೋಡಬಹುದಾದದ್ದು, ಆಮೇಲೆ ಜಾಕೆಟ್ ಹಾಕಿಕೊಂಡು ಹೊರಗೆ ಹೋಗಬೇಕಾದದ್ದು, ಏಣಿಯ ಮಾತು ಕೊನೆಗೆ.

ಶುರು ಮಾಡುವ ಮೊದಲು: ನಿಮ್ಮದು ಯಾವ ಡಿಶ್?

ಉತ್ತರದಲ್ಲಿ ಎರಡು ಥರದ ಡಿಶ್ ಕಾಣುತ್ತವೆ. ಒಂದು ಚಪ್ಪಟೆ ಹಲಗೆಯಂಥದ್ದು. ಸ್ಟಾರ್‌ಲಿಂಕ್ ಅಂದರೆ ಇದೇ. ಇದು ಕೆಳಗಿನ ಕಕ್ಷೆಯಲ್ಲಿ ಓಡುವ ಉಪಗ್ರಹಗಳನ್ನು ಒಂದಾದಮೇಲೊಂದು ಹಿಡಿಯುತ್ತದೆ. ಇನ್ನೊಂದು ಬೋಗುಣಿ ಆಕಾರದ್ದು, ಒಂದೇ ಕಡೆ ನೋಡಿಕೊಂಡು ನಿಂತಿರುತ್ತದೆ. ಅದು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹದ ಜೊತೆ ಮಾತಾಡುತ್ತದೆ.

ನಾನು ಹಾಸನದವನು. ಸಾಲಗಾಮೆ ರಸ್ತೆಯ ಎಂಸಿಎಫ್‌ನ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ, ದೊಡ್ಡ ದೊಡ್ಡ ಡಿಶ್‌ಗಳನ್ನು ನೋಡಿಕೊಂಡೇ ಬೆಳೆದವನು. ಅವೂ, ನಮ್ಮನೆ ತಾರಸಿಯ ಟಿವಿ ಡಿಶ್ಶೂ ಕತ್ತು ಎತ್ತಿಕೊಂಡು ಮೇಲೆ ನೋಡುತ್ತಿದ್ದವು. ಇಲ್ಲಿಗೆ ಬಂದಾಗ ಪಕ್ಕದ ಮನೆಯ ಬೋಗುಣಿ ಡಿಶ್ ನೋಡಿ, ಇದು ಬಿದ್ದುಹೋಗಿದೆ ಅಂದುಕೊಂಡಿದ್ದೆ. ಬಿದ್ದಿರಲಿಲ್ಲ. ಯೆಲ್ಲೋನೈಫ್ ಇರುವುದು 62 ಡಿಗ್ರಿ ಉತ್ತರದಲ್ಲಿ. ಇಲ್ಲಿಂದ ಭೂಸ್ಥಿರ ಉಪಗ್ರಹ ನೆಲದಿಂದ ಹೆಚ್ಚೆಂದರೆ 19 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಇನ್ನೂ ಉತ್ತರದ ಇನೂವಿಕ್ ಊರಿನಲ್ಲಿ ಸುಮಾರು 13. ನೂನಾವುಟ್‌ನ ರೆಸೊಲ್ಯೂಟ್‌ಗೆ ಹೋದರೆ 7 ಡಿಗ್ರಿಗೂ ಕಮ್ಮಿ. ಅಂದರೆ ಮರದ ತುದಿ, ಗುಡ್ಡದ ನೆತ್ತಿ, ಪಕ್ಕದ ಮನೆಯ ಸೂರು ಎಲ್ಲವೂ ಅಡ್ಡ ಬರುವ ಎತ್ತರ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಮಾತು ತಾನಾಗೇ ಅರ್ಥವಾಗುತ್ತದೆ.

"ಏನೂ ಇಲ್ಲ, ಲೈಟೂ ಇಲ್ಲ"

ರೂಟರ್‌ನಲ್ಲಿ ದೀಪವೇ ಇಲ್ಲವೆಂದರೆ ಅದು ಕರೆಂಟಿನ ತೊಂದರೆ. ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ.

ಅದೇ ಪ್ಲಗ್ಗಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಉರಿಯಿತಾ? ಹಾಗಾದರೆ ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ರೂಟರ್ ಅನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಆಗಲೂ ಬರಲಿಲ್ಲವಾದರೆ ಪವರ್ ಸಪ್ಲೈಗೆ ಸೇರುವ ವೈರಿನ ಎರಡೂ ತುದಿ ತೆಗೆದು ಮತ್ತೆ ಒತ್ತಿ ಕೂರಿಸಿ. ನಮ್ಮ ಮನೆಯಲ್ಲಿ ಒಮ್ಮೆ ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಮಗಳು ಹೇರ್ ಡ್ರೈಯರ್‌ಗಾಗಿ ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿದ್ದಳು. ನಗಬೇಡಿ, ನಿಮ್ಮ ಮನೆಯಲ್ಲೂ ಆಗುತ್ತದೆ.

ಸುಟ್ಟ ವಾಸನೆ ಬಂದರೆ, ಪವರ್ ಸಪ್ಲೈ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬ್ರೇಕರ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಮರದ ಮನೆ, ಹತ್ತಿರದ ಅಗ್ನಿಶಾಮಕ ವಾಹನ ಎಷ್ಟೋ ದೂರ. ಇಲ್ಲಿ ಧೈರ್ಯ ತೋರಿಸುವುದು ಬೇಡ.

"ತಾನಾಗೇ ಆಫ್ ಆಗಿ ಆನ್ ಆಗುತ್ತಿದೆ"

ಇದು ಜನರೇಟರ್, ಬ್ಯಾಟರಿ, ಇನ್ವರ್ಟರ್ ಮೇಲೆ ಬದುಕುವವರ ಕಾಯಿಲೆ. ರೂಟರ್ ಶುರುವಾಗುತ್ತದೆ, ಐದು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಮೊದಲಿಂದ ಶುರು. ಹಿಮ ಬೀಳುವಾಗ ಈ ಕಾಟ ಜಾಸ್ತಿಯಾದರೆ ಅನುಮಾನವೇ ಬೇಡ, ಕರೆಂಟು ಸಾಲುತ್ತಿಲ್ಲ.

ಲೆಕ್ಕ ಸುಲಭ. ಸ್ಟಾರ್‌ಲಿಂಕ್‌ನ ಮೂರನೇ ತಲೆಮಾರಿನ ಸಾಮಾನ್ಯ ಡಿಶ್ ಸರಾಸರಿ 75ರಿಂದ 100 ವ್ಯಾಟ್ ಎಳೆಯುತ್ತದೆ. ಹಿಮ ಕರಗಿಸಲು ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುವಾಗ ಇನ್ನೂ ಜಾಸ್ತಿ. ನೂರು ವ್ಯಾಟ್ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 2.4 ಯೂನಿಟ್ ಆಯಿತು. 12 ವೋಲ್ಟ್, 100 ಆಂಪಿಯರ್‌ಅವರ್ ಬ್ಯಾಟರಿಯಲ್ಲಿ ಇರುವುದು ಕಾಗದದ ಮೇಲೆ 1.2 ಯೂನಿಟ್. ಚಳಿಗೆ ಸೀಸದ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ರಾತ್ರಿಯಿಡೀ ಓಡುತ್ತದೆ ಅಂದುಕೊಂಡದ್ದು ಊಟದ ಹೊತ್ತಿಗೇ ಮಲಗುತ್ತದೆ. ಸೋಲಾರ್ ಇದೆಯಲ್ಲ ಅನ್ನಬೇಡಿ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಸುಮಾರು ಐದು ಗಂಟೆ, ಇನೂವಿಕ್‌ನಲ್ಲಿ ತಿಂಗಳ ಹತ್ತಿರ ಸೂರ್ಯ ಮುಖವನ್ನೇ ತೋರಿಸುವುದಿಲ್ಲ.

ಮೊದಲು ಮಾಡಬೇಕಾದ್ದು, ಹಿಮ ಕರಗಿಸುವ ಸೆಟ್ಟಿಂಗ್ ಸ್ವಲ್ಪ ಹೊತ್ತು ಆಫ್ ಮಾಡಿ ನೋಡುವುದು. ರೀಸ್ಟಾರ್ಟ್ ನಿಂತಿತೋ, ಕಾರಣ ಸಿಕ್ಕಿತು. ಇನ್ವರ್ಟರ್ ಅಗ್ಗದ್ದಾಗಿದ್ದರೆ, ಅಂದರೆ ಶುದ್ಧ ಸೈನ್ ವೇವ್ (ನಯವಾಗಿ ಏರಿಳಿಯುವ ಕರೆಂಟು) ಕೊಡದಿದ್ದರೆ, ಒಂದು ದಿನ ಬೇರೆಯವರದ್ದು ತಂದು ಹಾಕಿ ಪರೀಕ್ಷಿಸಿ. ಚಿಕ್ಕ ಮಿನಿ ಡಿಶ್ ಅನ್ನು 12 ವೋಲ್ಟ್ ಬ್ಯಾಟರಿಗೆ ಉದ್ದನೆಯ ಸಣ್ಣ ವೈರಿನಲ್ಲಿ ಜೋಡಿಸಿದ್ದರೆ ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತದೆ. ವೈರ್ ಗಿಡ್ಡ ಮಾಡಿ, ದಪ್ಪ ಮಾಡಿ. ಕ್ಯಾಬಿನ್ನಿನಲ್ಲಿ ಬ್ಯಾಟರಿಯ ಮೇಲೇ ಬದುಕುವವರಿಗೆ ನಾನು ಮಿನಿಯನ್ನೇ ಹೇಳುವುದು. ಅದಕ್ಕೆ 25ರಿಂದ 40 ವ್ಯಾಟ್ ಸಾಕು.

ಎರಡು ಎಚ್ಚರಿಕೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಶಾಶ್ವತವಾಗಿ ಹಾಳಾಗುತ್ತದೆ. ಇನ್ನೊಂದು, ಜನರೇಟರ್ ಅನ್ನು ಚಳಿ ಅಂತ ವರಾಂಡಕ್ಕೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಒಳಗೆ ಅದರ ಅಲಾರಂ ಇರಲಿ, ಬ್ಯಾಟರಿ ಸಮೇತ.

"ವೈಫೈ ಫುಲ್ ಇದೆ, ನೆಟ್ ಇಲ್ಲ"

ವೈಫೈ ಅಂದರೆ ಫೋನಿನಿಂದ ರೂಟರ್‌ವರೆಗೆ. ಇಂಟರ್ನೆಟ್ ಅಂದರೆ ಅಲ್ಲಿಂದಾಚೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ರೂಟರ್ ಪಕ್ಕದಲ್ಲೇ ನಿಂತು ಪರೀಕ್ಷಿಸಿ. ಅಲ್ಲಿ ಚೆನ್ನಾಗಿದ್ದು ಮಲಗುವ ಕೋಣೆಯಲ್ಲಿ ಬರದಿದ್ದರೆ ಅದು ಗೋಡೆಯ ತಂಟೆ. ಇಲ್ಲಿನ ಮನೆಗಳ ಗೋಡೆಯೊಳಗೆ ಶಾಖ ತಡೆಯಲು ಬೆಳ್ಳಿಯ ಹಾಳೆಯಂಥ ಫಾಯಿಲ್ ಇರುವುದುಂಟು, ಹೊರಗೆ ತಗಡಿನ ಹೊದಿಕೆ. ಜೊತೆಗೆ ನಡುಮನೆಯಲ್ಲಿ ಕಬ್ಬಿಣದ ಸೌದೆ ಒಲೆ. ವೈಫೈಗೆ ಇವೆಲ್ಲ ಕೋಟೆ ಇದ್ದ ಹಾಗೆ. ರೂಟರ್ ಅನ್ನು ಒಲೆಯ ಹಿಂದಿನಿಂದ ತೆಗೆದು ಎತ್ತರದಲ್ಲಿಡಿ. ದೂರದ ಕೋಣೆಗೆ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಬನ್ನಿ.

ಪಕ್ಕದಲ್ಲಿ ನಿಂತರೂ ಇಲ್ಲವಾ? ಬ್ರೌಸರ್‌ನಲ್ಲಿ 192.168.100.1 ಅಂತ ಹಾಕಿ. ಇದು ಸ್ಟಾರ್‌ಲಿಂಕ್ ಡಿಶ್ಶಿನ ಒಳಮನೆ ವಿಳಾಸ, ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಆಪ್‌ನಲ್ಲೂ ಇದೇ ಮಾಹಿತಿ ಸಿಗುತ್ತದೆ. ಡಿಶ್ ಕಂಡರೆ ಕೇಬಲ್ ಬದುಕಿದೆ, ತೊಂದರೆ ಅದಕ್ಕಿಂತ ಮೇಲೆ. ಡಿಶ್ ಸಂಪರ್ಕದಲ್ಲೇ ಇಲ್ಲ ಎಂದು ಬಂದರೆ ಕೇಬಲ್ ಅಥವಾ ಅದರ ಪ್ಲಗ್. ಈ ಒಂದು ಪರೀಕ್ಷೆ ನನಗೆ ಎಷ್ಟು ಸಲ ಹೊರಗಿನ ಚಳಿ ತಪ್ಪಿಸಿದೆಯೋ ಲೆಕ್ಕವಿಲ್ಲ.

ರೀಸ್ಟಾರ್ಟ್ ಮಾಡುವುದಾದರೆ ಒಂದೇ ಸಲ ಮಾಡಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಡಿಶ್ ಎದ್ದು ಉಪಗ್ರಹ ಹುಡುಕಿಕೊಳ್ಳಲು ಹೊತ್ತು ಬೇಕು. ಮೂರು ನಿಮಿಷಕ್ಕೊಮ್ಮೆ ಪ್ಲಗ್ ಕೀಳುವುದು ಹಿಟ್ಟು ಕುದಿಯುವ ಮೊದಲೇ ಮುದ್ದೆ ಕಟ್ಟಿದ ಹಾಗೆ. ಫ್ಯಾಕ್ಟರಿ ರೀಸೆಟ್ ಅಂತೂ ಎಲ್ಲ ಮುಗಿದ ಮೇಲಿನ ಮಾತು. ಅದರಿಂದ ಹೆಸರು, ಪಾಸ್‌ವರ್ಡ್ ಹೋಗುತ್ತವೆಯೇ ಹೊರತು ಹಿಮ ಕರಗುವುದಿಲ್ಲ.

ಒಂದು ಬೇರೆ ಥರದ ದೂರು ಕೂಡ ಇಲ್ಲೇ ಬರುತ್ತದೆ: "ಮನೆಯ ಕ್ಯಾಮೆರಾ ಒಳಗಿನಿಂದ ಕಾಣುತ್ತದೆ, ಊರಿಗೆ ಹೋದರೆ ಕಾಣುವುದಿಲ್ಲ." ಇದು ದೋಷವಲ್ಲ. ಮನೆ ಗ್ರಾಹಕರಿಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ, ಅಂದರೆ ಹೊರಗಿನಿಂದ ಹುಡುಕಬಹುದಾದ ಇಂಟರ್ನೆಟ್ ವಿಳಾಸ, ಸಿಗುವುದಿಲ್ಲ, ಒಂದೇ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ಕ್ಲೌಡ್ ಮೂಲಕ ಓಡುವ ಕ್ಯಾಮೆರಾ ಅಥವಾ ವಿಪಿಎನ್ ಬೇಕು.

"ಮಾತಿನ ನಡುವೆ ಮುಖ ನಿಂತುಹೋಗುತ್ತದೆ"

"ಮುಖ ಹಂಗೇ ನಿಂತೋಯ್ತು ಕಣೋ, ಇದೀಯೇನೋ?" ಅಂತ ಅಮ್ಮ ಆ ಕಡೆಯಿಂದ ಕೂಗುತ್ತಾಳೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಮತ್ತೆ ಬರುತ್ತದೆ. ವೇಗ ಪರೀಕ್ಷೆ ಮಾಡಿದರೆ 150 ಎಂಬಿಪಿಎಸ್ ತೋರಿಸುತ್ತದೆ. ಎಲ್ಲ ಸರಿ ಇದೆ ಅನಿಸುತ್ತದೆ, ಆದರೆ ಮಾತಾಡಲು ಆಗುವುದಿಲ್ಲ.

ಇದಕ್ಕೆ ಕಾರಣ ಬಹುತೇಕ ಮರ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಳಗಿನ ಕಕ್ಷೆಯ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುತ್ತದೆ. ಸ್ಟಾರ್‌ಲಿಂಕ್ ಪ್ರತಿ 15 ಸೆಕೆಂಡಿಗೊಮ್ಮೆ ನಿಮ್ಮ ಡಿಶ್ ಯಾವ ಉಪಗ್ರಹ ಹಿಡಿಯಬೇಕು ಎಂದು ಹೊಸದಾಗಿ ಹಂಚುತ್ತದೆ. ಆ ಸರದಿ ಮರದ ಹಿಂದಿರುವ ಉಪಗ್ರಹಕ್ಕೆ ಬಂದರೆ ಅಷ್ಟು ಹೊತ್ತು ಕತ್ತಲೆ. ದಕ್ಷಿಣದ ಊರುಗಳಲ್ಲಿ ತಲೆಯ ಮೇಲೆ ಉಪಗ್ರಹಗಳ ಜಾತ್ರೆ ಇರುತ್ತದೆ, ಒಂದು ಮರೆಯಾದರೆ ಇನ್ನೊಂದು. ಅವುಗಳಲ್ಲಿ ಬಹಳಷ್ಟು 53 ಡಿಗ್ರಿ ಬಾಗಿದ ಕಕ್ಷೆಯವು. ಅಂದರೆ 53 ಡಿಗ್ರಿ ಅಕ್ಷಾಂಶ ಮುಟ್ಟಿ ಹಿಂತಿರುಗುತ್ತವೆ, ನಮ್ಮ ನೆತ್ತಿಗೆ ಬರುವುದೇ ಇಲ್ಲ. ಇಷ್ಟು ಉತ್ತರದಲ್ಲಿ ನಾವು ನಂಬಿರುವುದು 70 ಮತ್ತು 97.6 ಡಿಗ್ರಿ ಕಕ್ಷೆಗಳಲ್ಲಿ ಓಡುವ, ಸಂಖ್ಯೆಯಲ್ಲಿ ಕಮ್ಮಿ ಇರುವ ಉಪಗ್ರಹಗಳನ್ನು. ಹಾಗಾಗಿ ದಕ್ಷಿಣದಲ್ಲಿ ಮಾಫಿಯಾಗುವ ಒಂದೇ ಒಂದು ಸ್ಪ್ರೂಸ್ ಮರ ಇಲ್ಲಿ ಮಾಫಿಯಾಗುವುದಿಲ್ಲ.

ನೋಡುವ ಕ್ರಮ ಹೀಗೆ. ಆಪ್ ತೆಗೆದು ಅಡಚಣೆಯ ನಕ್ಷೆ ನೋಡಿ. ಕೆಂಪು ಕಲೆ ಎಲ್ಲಿದೆಯೋ ಆ ದಿಕ್ಕಿಗೆ ಹೋಗಿ ನಿಂತು ನೋಡಿ. ಹೊಸದಾಗಿ ಇಟ್ಟ ಡಿಶ್ ಆದರೆ ಕನಿಷ್ಠ ಅರ್ಧ ದಿನ ಬಿಡಿ, ನಕ್ಷೆ ತುಂಬಲು ಅಷ್ಟು ಬೇಕು. ಕಡಿತಗಳ ಪಟ್ಟಿಯಲ್ಲಿ ಕಾರಣವೂ ಇರುತ್ತದೆ. "ಅಡಚಣೆ" ಅಂತಿದ್ದರೆ ಮರ, ಗೋಡೆ, ಚಿಮಣಿ. "ನೆಟ್‌ವರ್ಕ್ ತೊಂದರೆ" ಅಂತಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ಚಹಾ ಕುಡಿಯಿರಿ.

ಡಿಶ್ಶಿನ ದಿಕ್ಕನ್ನು ಆಪ್ ಹೇಳಿದ ಹಾಗೆ ತಿರುಗಿಸಿ. ಅಲ್ಬರ್ಟಾದಲ್ಲಿರುವ ಸ್ನೇಹಿತರ ಡಿಶ್ ಯಾವ ಕಡೆ ನೋಡುತ್ತಿದೆ ಅಂತ ಫೋಟೋ ತರಿಸಿಕೊಂಡು ಹಾಗೇ ಇಡಬೇಡಿ. ನಾನು ಅದನ್ನೂ ಮಾಡಿದ್ದೇನೆ. ಅವರ ಅಕ್ಷಾಂಶ ಬೇರೆ, ನಮ್ಮದು ಬೇರೆ.

ಕಾಲದ ಆಟವೂ ಇದೆ. ಚಳಿಗಾಲದಲ್ಲಿ ಚೆನ್ನಾಗಿದ್ದದ್ದು ಜೂನ್‌ನಲ್ಲಿ ಕೆಟ್ಟರೆ ಬರ್ಚ್ ಮರಕ್ಕೆ ಎಲೆ ಬಂದಿದೆ ಎಂದರ್ಥ. ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ನವೆಂಬರ್‌ನಲ್ಲಿ ಕೆಟ್ಟರೆ ಸ್ಪ್ರೂಸ್ ಕೊಂಬೆಗಳು ಹಿಮದ ಭಾರಕ್ಕೆ ಬಾಗಿ ಅಡ್ಡ ಬಂದಿರುತ್ತವೆ. ಅಥವಾ ನೆಲ ಹೆಪ್ಪುಗಟ್ಟುವಾಗ ಉಬ್ಬಿ ಕಂಬವನ್ನೇ ಮೇಲೆತ್ತಿರುತ್ತದೆ. ಒಂದು ರಸಮಟ್ಟ ಇಟ್ಟು ಕಂಬ ನೋಡಿ. ಇಲ್ಲಿನ ಬೇಲಿಗಳೆಲ್ಲ ಸೊಟ್ಟಗಿರುವುದು ಕುಡಿದವರು ಹಾಕಿದ್ದರಿಂದಲ್ಲ, ನೆಲ ಉಬ್ಬಿದ್ದರಿಂದ.

ಕೊನೆಯ ಉಪಾಯ ಡಿಶ್ ಜಾಗ ಬದಲಾಯಿಸುವುದು. ಮರ ಕಡಿಯುವುದಕ್ಕಿಂತ ಡಿಶ್ ಕೆರೆಯ ಕಡೆಗೆ ತರುವುದು ಸುಲಭ. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ದಿನ ಇಟ್ಟು ಪರೀಕ್ಷೆ ಮಾಡಬಹುದು, ಬಯಲಿಗೆ ಬಯಲು. ಆದರೆ ಮಂಜುಗಡ್ಡೆಯ ದಪ್ಪ ಗೊತ್ತಿಲ್ಲದೆ ಕಾಲಿಡಬೇಡಿ. ಮೇ ತಿಂಗಳಲ್ಲಂತೂ ಬೇಡವೇ ಬೇಡ.

"ಹಿಮ ಬಿದ್ದಾಗ ಮಾತ್ರ ಹೋಗುತ್ತದೆ"

ಎಲ್ಲ ಹಿಮವೂ ಒಂದೇ ಅಲ್ಲ. ಇದು ತಿಳಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಮೈನಸ್ 30ರಲ್ಲಿ ಬೀಳುವ ಹಿಮ ಒಣ ರವೆಯ ಹಾಗೆ. ಡಿಶ್ಶಿನ ಮೇಲೆ ನಾಲ್ಕು ಬೆರಳು ಕೂತರೂ ಸಿಗ್ನಲ್ ಹೆಚ್ಚುಕಮ್ಮಿ ದಾಟಿಕೊಂಡು ಬರುತ್ತದೆ. ಸಿಗ್ನಲ್ ಅನ್ನು ನುಂಗುವುದು ನೀರು. ಸೊನ್ನೆಯ ಆಸುಪಾಸಿನಲ್ಲಿ, ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ, ಬೀಳುವ ಹಸಿ ಹಿಮ ಇಡ್ಲಿ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತದೆ. ತೆಳ್ಳಗೆ ಕೂತರೂ ಸಾಕು, ವೇಗ ಕುಸಿಯುತ್ತದೆ. ಆದ್ದರಿಂದ ಮೈನಸ್ 35ರಲ್ಲಿ ನೆಟ್ ಹೋದರೆ ಡಿಶ್ ಮೇಲಿನ ಹಿಮವನ್ನು ಮೊದಲ ಆರೋಪಿ ಮಾಡಬೇಡಿ. ಏಪ್ರಿಲ್‌ನಲ್ಲಿ ಹೋದರೆ ಅದೇ ಮೊದಲ ಆರೋಪಿ.

ಆಪ್‌ನಲ್ಲಿ ಹಿಮ ಕರಗಿಸುವ ಸೆಟ್ಟಿಂಗ್‌ಗೆ ಮೂರು ಆಯ್ಕೆ: ಆಫ್, ತಾನಾಗೇ, ಮುಂಚೆಯೇ ಬಿಸಿ. ಸಾಮಾನ್ಯವಾಗಿ "ತಾನಾಗೇ" ಸಾಕು. ಹಸಿ ಹಿಮ ಬರುವ ಮುನ್ಸೂಚನೆ ಇದ್ದ ರಾತ್ರಿ "ಮುಂಚೆಯೇ ಬಿಸಿ" ಹಾಕಿ, ಬೆಳಿಗ್ಗೆ ಮರೆಯದೆ ತೆಗೆಯಿರಿ. ತೀರಾ ಚಳಿಯಲ್ಲಿ ಬಿಸಿ ಮಾಡಿದರೆ ಕರಗಿದ ನೀರು ಅಂಚಿಗೆ ಹರಿದು ಅಲ್ಲೇ ಮತ್ತೆ ಗಟ್ಟಿಯಾಗಿ ಮಂಜುಗಡ್ಡೆಯ ಕಟ್ಟೆ ಕಟ್ಟುವುದುಂಟು. ಗಂಟೆಗೆ 40 ಮಿ.ಮೀ. ಹಿಮ ಕರಗಿಸುತ್ತದೆ ಅಂತ ಕಂಪನಿ ಹೇಳುತ್ತದೆ, ಆದರೆ ಅದೇ ಪಟ್ಟಿಯಲ್ಲಿ ಡಿಶ್ ಕೆಲಸ ಮಾಡುವ ಉಷ್ಣಾಂಶ ಮೈನಸ್ 30ರವರೆಗೆ ಅಂತಲೂ ಬರೆದಿದೆ. ಇಲ್ಲಿ ಜನವರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದು ಮಾಮೂಲು. ನಡೆಯುತ್ತದೆ, ಆದರೆ ಭರವಸೆಯ ಗಡಿ ದಾಟಿ ನಡೆಯುತ್ತಿದೆ ಅನ್ನುವುದು ನೆನಪಿರಲಿ.

ತೆಗೆಯುವುದು ಹೇಗೆ? ಮೆತ್ತನೆಯ ಕಾರಿನ ಬ್ರಷ್‌ಗೆ ಉದ್ದ ಕೋಲು ಕಟ್ಟಿ, ನೆಲದ ಮೇಲೆ ನಿಂತು ಮೆಲ್ಲಗೆ ಗುಡಿಸಿ. ಕುದಿಯುವ ನೀರು ಸುರಿಯಬೇಡಿ, ಚಪ್ಪಟೆ ಡಿಶ್ಶಿನ ಮುಖ ಬಿರುಕು ಬಿಡಬಹುದು. ಕೆರೆಯುವ ಲೋಹದ ಸಾಮಾನು, ಸುತ್ತಿಗೆ ಬೇಡ. ಅಂಟಿದ್ದು ಬರಲಿಲ್ಲವೆಂದರೆ ಬಿಡಿ, ಅದೇ ಕರಗುತ್ತದೆ.

ಇದಕ್ಕೆಲ್ಲ ಒಂದೇ ಮೂಲ ಪರಿಹಾರ ಇದೆ. ಡಿಶ್ ಅನ್ನು ಕೈಗೆಟುಕುವ ಎತ್ತರದಲ್ಲಿಡುವುದು. ಚಾವಣಿ ಮೇಲೆ ಇಟ್ಟರೆ ನೋಟ ಚೆನ್ನ, ನಿಜ. ಆದರೆ ಮಂಜು ಹಿಡಿದ ತಗಡಿನ ಚಾವಣಿ ಹತ್ತಿ ಸೊಂಟ ಮುರಿದುಕೊಂಡವರ ಕಥೆ ಈ ಕಡೆ ಪ್ರತಿ ವರ್ಷ ಕೇಳುತ್ತೇನೆ.

"ಚಳಿ ಹೆಚ್ಚಾದ ದಿನವೇ ಹಾಳಾಗುತ್ತದೆ"

ಉಷ್ಣಾಂಶ ಇಳಿದಾಗ ಬರುವ, ಬಿಸಿಲು ಬಂದಾಗ ಸರಿಹೋಗುವ ದೋಷ ಕೇಬಲ್ಲಿನದ್ದು. ಪ್ಲಾಸ್ಟಿಕ್ ಹೊದಿಕೆ ಮೈನಸ್ 40ರಲ್ಲಿ ಹಪ್ಪಳದ ಹಾಗೆ. ಬಗ್ಗಿಸಿದರೆ ಬಿರುಕು. ಬಿರುಕಿನಿಂದ ನೀರು ಒಳಗೆ ಹೋಗಿ, ವಸಂತದಲ್ಲಿ ತಾಮ್ರ ಹಸಿರಾಗುತ್ತದೆ. ಆದ್ದರಿಂದ ಚಳಿಯಲ್ಲಿ ಕೇಬಲ್ ಎಳೆಯಬೇಡಿ, ಸುತ್ತಬೇಡಿ, ಗಂಟು ಬಿಚ್ಚಬೇಡಿ. ಬದಲಿಸಲೇಬೇಕಾದರೆ ಹೊಸದನ್ನು ಒಳಗೆ ಬೆಚ್ಚಗಿಟ್ಟು ತಂದು ಬೇಗ ಹಾಕಿ.

ಆಪ್‌ನಲ್ಲಿ ಈಥರ್ನೆಟ್ ನಿಧಾನವಾಗಿದೆ ಎಂಬ ಎಚ್ಚರಿಕೆ ಬಂದರೆ ಕೇಬಲ್ಲಿನ ಒಂದೆರಡು ಎಳೆ ಸೋತಿವೆ ಅಥವಾ ಪ್ಲಗ್ ಪೂರ್ತಿ ಕೂತಿಲ್ಲ. ಮೂರನೇ ತಲೆಮಾರಿನ ಪ್ಲಗ್ ಮೋಸಗಾರ. ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಕರೆಂಟು ತೆಗೆದು, ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ.

ಹಾಗೇ ಕೇಬಲ್ಲಿನ ಉದ್ದಕ್ಕೂ ನಡೆದು ನೋಡಿ. ಅಳಿಲು ಕಡಿದಿರುತ್ತದೆ, ನಾಯಿ ಎಳೆದಿರುತ್ತದೆ, ಹಿಮದಲ್ಲಿ ಹೂತದ್ದು ಗೊತ್ತಾಗದೆ ಸ್ನೋಮೊಬೈಲ್ ಹತ್ತಿಸಿರುತ್ತೀರಿ. ಮೂರನೆಯದು ನನ್ನ ಸ್ವಂತ ಸಾಧನೆ. ಈಗ ನಮ್ಮ ಕೇಬಲ್ ಒಂದು ಪೈಪಿನೊಳಗೆ, ಕಂಬಕ್ಕೆ ಕಟ್ಟಿ, ಪ್ಲಗ್ಗಿನ ಹತ್ತಿರ ಸ್ವಲ್ಪ ಕೆಳಗೆ ಜೋತು ಬಿಟ್ಟಿದ್ದೇವೆ. ನೀರು ಪ್ಲಗ್ಗಿಗೆ ಹರಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

"ಸಂಜೆ ಮಾತ್ರ ನಿಧಾನ"

ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ 7ರಿಂದ 11ರವರೆಗೆ ನಿಧಾನವಾದರೆ ಅದು ದಟ್ಟಣೆ. ಸುತ್ತಮುತ್ತ ಎಲ್ಲರೂ ಅದೇ ಹೊತ್ತಿಗೆ ಸಿನಿಮಾ ಹಾಕುತ್ತಾರೆ. ಡಿಶ್ ತಿರುಗಿಸಿ ಪ್ರಯೋಜನವಿಲ್ಲ. ಒಂದು ಲ್ಯಾಪ್‌ಟಾಪ್ ಅನ್ನು ಕೇಬಲ್‌ನಲ್ಲಿ ಜೋಡಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ದಿನ ವೇಗ ಬರೆದಿಡಿ, ಖಚಿತವಾಗುತ್ತದೆ. ನಮ್ಮ ಕಷ್ಟ ಏನೆಂದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ 8 ಅಂದರೆ ಹಾಸನದಲ್ಲಿ ಮರುದಿನ ಬೆಳಿಗ್ಗೆ 8:30. ಅಮ್ಮನ ಕಾಫಿ ಮುಗಿದು ಫೋನಿಗೆ ಕೂರುವ ಹೊತ್ತು. ಆಗ ವಿಡಿಯೋ ಬಿಟ್ಟು ಬರೀ ಮಾತಿಗೆ ಬಂದರೆ ಸರಾಗ. ಫೋನುಗಳ ಅಪ್‌ಡೇಟ್, ಫೋಟೋ ಬ್ಯಾಕಪ್ ಎಲ್ಲ ಬೆಳಗಿನ ಜಾವಕ್ಕೆ ತಳ್ಳಿ.

ಬೋಗುಣಿ ಡಿಶ್ ಇರುವವರಿಗೆ

ಮಾತಾಡಿದ ಮೇಲೆ ಉತ್ತರ ತಡವಾಗಿ ಬಂದರೆ, ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾದರೆ, ಅದು ದೋಷವಲ್ಲ, ದೂರ. ಹೋಗಿ ಬರುವ ದಾರಿ ಕಮ್ಮಿಯೆಂದರೂ 1,43,000 ಕಿ.ಮೀ. ಬೆಳಕಿಗೇ ಅರ್ಧ ಸೆಕೆಂಡಿನ ಹತ್ತಿರ ಬೇಕು. ಉಳಿದ ಉಪಕರಣಗಳೆಲ್ಲ ಸೇರಿ 600 ಮಿಲಿಸೆಕೆಂಡ್ ದಾಟುತ್ತದೆ. ಅದನ್ನು ಯಾರೂ ರಿಪೇರಿ ಮಾಡಲಾರರು.

ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಮತ್ತು ಅಕ್ಟೋಬರ್ ನಡುವೆ ಕೆಲವು ದಿನ ಒಂದೇ ಹೊತ್ತಿಗೆ ಕೆಲವು ನಿಮಿಷ ನೆಟ್ ಹೋದರೆ ಗಾಬರಿ ಬೇಡ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಂತಿರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಕೇಳಿಸುವುದಿಲ್ಲ. ಒಂದು ವಾರದಲ್ಲಿ ತಾನೇ ಸರಿಹೋಗುತ್ತದೆ.

ಸಿಗ್ನಲ್ ದಿನೇ ದಿನೇ ಇಳಿಯುತ್ತಾ ಬಂದರೆ ಕಂಬ ವಾಲಿದೆ. ಇಲ್ಲಿ ಒಂದು ಡಿಗ್ರಿಯೂ ದೊಡ್ಡದೇ. ಆದರೆ ಇದನ್ನು ನೀವೇ ತಿರುಗಿಸಲು ಹೋಗಬೇಡಿ. ಇದು ಪ್ರಸಾರ ಮಾಡುವ ಡಿಶ್. ಮೀಟರ್ ಇಲ್ಲದೆ ತಿರುಗಿಸಿದರೆ ನಿಮ್ಮದೂ ಹೋಗುತ್ತದೆ, ಪಕ್ಕದ ಉಪಗ್ರಹಕ್ಕೂ ತೊಂದರೆ. ಕರೆಂಟು ಇರುವಾಗ ಅದರ ಮುಂದೆ ತಲೆ, ಕೈ ಹಾಕಬಾರದು. ಅನುಭವಸ್ಥರನ್ನೇ ಕರೆಸಿ.

"ಎಲ್ಲರ ಮನೆಯಲ್ಲೂ ಹೋಗಿದೆ"

ನೆರೆಯವರಿಗೂ ಇಲ್ಲವೆಂದರೆ ನಿಮ್ಮ ಡಿಶ್ ಮುಟ್ಟಲೇಬೇಡಿ. 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ನಿಂತಿತ್ತು. ಒಳಗಿನ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಆ ಹೊತ್ತಲ್ಲಿ ಎಷ್ಟು ಜನ ಏಣಿ ಹತ್ತಿದ್ದರೋ! ಭೂಸ್ಥಿರ ಉಪಗ್ರಹಕ್ಕೂ ಇದು ತಪ್ಪಿದ್ದಲ್ಲ. 2011ರ ಅಕ್ಟೋಬರ್ 6ರಂದು ಕೆನಡಾದ ಆನಿಕ್ ಎಫ್2 ಉಪಗ್ರಹ ಭೂಮಿಯತ್ತ ನೋಡುವುದನ್ನೇ ಬಿಟ್ಟಿತು. ಉತ್ತರ ಕೆನಡಾದ ಎಷ್ಟೋ ಊರುಗಳಲ್ಲಿ ಫೋನ್, ಇಂಟರ್ನೆಟ್ ಒಟ್ಟಿಗೆ ಹೋದವು, ವಿಮಾನಗಳು ನೆಲದಲ್ಲೇ ನಿಂತವು. ಆನಿಕ್ ಅಂದರೆ ಇಲ್ಲಿನ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ತಮ್ಮ ಎಂದರ್ಥ ಅನ್ನುತ್ತಾರೆ. ಅವತ್ತು ತಮ್ಮ ಮುನಿಸಿಕೊಂಡಿದ್ದ.

ಅರೋರಾ ಬಂದರೆ ನೆಟ್ ಹೋಗುತ್ತದಾ ಅಂತ ಊರಿಂದ ಬಂದವರೆಲ್ಲ ಕೇಳುತ್ತಾರೆ. ಮಾಮೂಲಿ ಹಸಿರು ಪರದೆಗೆ ಏನೂ ಆಗುವುದಿಲ್ಲ. ಹೊರಗೆ ಬಂದು ನೋಡಿ ಆನಂದಿಸಿ. 2024ರ ಮೇ ತಿಂಗಳಲ್ಲಿ ಬಂದಂಥ ಭಾರಿ ಸೌರ ಬಿರುಗಾಳಿಯಾದರೆ ಬೇರೆ ಮಾತು, ಆಗ ಸ್ಟಾರ್‌ಲಿಂಕ್ ತಾನೇ ಸೇವೆ ಕುಗ್ಗಿದೆ ಅಂತ ಹೇಳಿತ್ತು. ಅಂಥದ್ದು ಬಂದಾಗ ಕಾಯುವುದೇ ಕೆಲಸ.

ಯಾವಾಗ ಬಿಟ್ಟುಬಿಡಬೇಕು

ಗಾಳಿಯ ಚಳಿ ಮೈನಸ್ 40 ದಾಟಿದರೆ ತೆರೆದ ಚರ್ಮ ಐದು ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕೈಗವಸು ತೆಗೆಯದೆ ಮಾಡಲಾಗದ ಕೆಲಸವನ್ನು ಆ ದಿನ ಮಾಡಬೇಡಿ. ಬರಿಗೈಯಲ್ಲಿ ಲೋಹದ ಸ್ಪ್ಯಾನರ್ ಹಿಡಿದರೆ ಚರ್ಮ ಅದಕ್ಕೇ ಅಂಟುತ್ತದೆ. ಒಬ್ಬರೇ ಏಣಿ ಹತ್ತಬೇಡಿ, ಕರೆಂಟಿನ ತಂತಿ ಹತ್ತಿರವಿದ್ದರೆ ಇಬ್ಬರಿದ್ದರೂ ಹತ್ತಬೇಡಿ. ಡಿಶ್ ಕಾಣುತ್ತಿಲ್ಲ, ಕೇಬಲ್ ಬದಲಿಸಿದರೂ ಅಷ್ಟೇ, ಬೇರೆ ಪ್ಲಗ್‌ನಲ್ಲೂ ಅಷ್ಟೇ ಎಂದಾದರೆ ಕಂಪನಿಗೆ ಬರೆಯಿರಿ. ಆಪ್‌ನ ಚಿತ್ರಗಳು, ಯಾವತ್ತು ಎಷ್ಟು ಹೊತ್ತಿಗೆ ಹೋಯಿತು, ಆಗ ಹೊರಗೆ ಎಷ್ಟು ಡಿಗ್ರಿ ಇತ್ತು, ಯಾವುದನ್ನೆಲ್ಲ ನೋಡಿಯಾಯಿತು ಅಂತ ಒಟ್ಟಿಗೆ ಕಳಿಸಿದರೆ "ರೀಸ್ಟಾರ್ಟ್ ಮಾಡಿ ನೋಡಿ" ಎಂಬ ಮೊದಲ ಮೂರು ಉತ್ತರ ತಪ್ಪುತ್ತವೆ. ಬದಲಿ ಸಾಮಾನು ಬರುವುದಕ್ಕೆ ವಾರಗಳಾಗಬಹುದು. ಒಂದು ಹೆಚ್ಚುವರಿ ಕೇಬಲ್ ಮನೆಯಲ್ಲಿಟ್ಟುಕೊಳ್ಳಿ.

ನೆಟ್ ಒಂದನ್ನೇ ನಂಬಿ ಕೂರಬೇಡಿ. 2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಬಂದು ಯೆಲ್ಲೋನೈಫ್‌ನ ಸುಮಾರು 20,000 ಜನ ಊರು ಬಿಟ್ಟರು. ಅದಕ್ಕೆ ಕೆಲವೇ ದಿನ ಮೊದಲು ಗ್ರೇಟ್ ಸ್ಲೇವ್ ಕೆರೆಯ ಆಚೆ ದಡದ ಹೇ ರಿವರ್ ಊರಿನ ಕಡೆ ಬೆಂಕಿಗೆ ಫೈಬರ್ ಸುಟ್ಟು ಸಂಪರ್ಕವೇ ಹೋಗಿತ್ತು. ನಮ್ಮಲ್ಲಿ ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಅಂಗೈಯಷ್ಟು ಸಾಧನವಿದೆ. ಇರಿಡಿಯಂನ 66 ಉಪಗ್ರಹಗಳು ಧ್ರುವದ ಹತ್ತಿರವೇ ಹಾದುಹೋಗುತ್ತವೆ, ಹಾಗಾಗಿ ಎಲ್ಲಿದ್ದರೂ ಸಿಗುತ್ತವೆ. ಐಫೋನ್‌ನಲ್ಲಿ ಉಪಗ್ರಹ ಎಸ್‌ಒಎಸ್ ಇದೆಯಲ್ಲ ಅನ್ನುವವರು ಆಪಲ್ ಬರೆದಿರುವುದನ್ನು ಓದಿ: 62 ಡಿಗ್ರಿ ಅಕ್ಷಾಂಶದ ಮೇಲೆ ಅದು ಕೆಲಸ ಮಾಡದೇ ಇರಬಹುದು. ಯೆಲ್ಲೋನೈಫ್ ಇರುವುದು 62.45ರಲ್ಲಿ. ಇರಿಡಿಯಂ ಸಾಧನವನ್ನು ಹೊರಗೆ ಹೋಗುವಾಗ ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಹೊರಜೇಬಿನಲ್ಲಿಟ್ಟರೆ ಬೇಕಾದ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ.